ಇಳಿಯುವ ಬೈಗುಳ, ಏರುವ ಶಾಪ

ಕನ್ನಡದಲ್ಲಿ ಬೈಯುವುದು ಬೇರೆ, ಶಪಿಸುವುದು ಬೇರೆ. ಇಂಗ್ಲಿಷಿನ ‘ಕರ್ಸ್’ ಎರಡು ಕೆಲಸವನ್ನೂ ಮಾಡುತ್ತದೆ. ನಮ್ಮಲ್ಲಿ ಎರಡಕ್ಕೂ ಬೇರೆ ಮಾತು, ಬೇರೆ ಸಂದರ್ಭ, ವ್ಯಾಕರಣವೂ ಬೇರೆ. ಆದರೆ ನಮ್ಮ ವಿಮರ್ಶೆ ಈ ವ್ಯತ್ಯಾಸವನ್ನು ಗಮನಿಸುವುದು ಕಡಿಮೆ. ಕಾದಂಬರಿಯಲ್ಲಿ ಗೌಡ ಆಳಿನ ಮೇಲೆ ಹರಿಹಾಯ್ದರೂ, ಮುದುಕಿಯೊಬ್ಬಳು ಗೌಡನ ಬಾಗಿಲೆದುರು ಹಿಡಿಮಣ್ಣು ತೂರಿದರೂ ನಾವು ಬರೆಯುವುದು ಒಂದೇ: ‘ದೇಸಿ ಸೊಗಡು’. ಸೊಗಡು ಎಂದುಬಿಟ್ಟರೆ ಕೆಲಸ ಮೂಗಿಗೆ, ತಲೆಗಲ್ಲ.

ಬೈಗುಳ ಹೆಚ್ಚಾಗಿ ಒಂದು ಹೆಸರು. ಎದುರಿಗಿರುವವನನ್ನು ಅವನ ಹೆಸರು ಬಿಟ್ಟು ಇನ್ನೊಂದರಿಂದ ಕೂಗುವುದು: ಕತ್ತೆ, ಬೇವಾರ್ಸಿ, ಮುಂಡೇಮಗ. ಕೂಗಿದ ಕ್ಷಣಕ್ಕೇ ಅದರ ಕೆಲಸ ಮುಗಿಯಿತು. ಶಾಪ ಹಾಗಲ್ಲ. ‘ನಿನ್ನ ಮನೆ ಹಾಳಾಗ’, ‘ನಿನ್ನ ಬಾಯಿಗೆ ಮಣ್ಣು ಬೀಳ’ ಎಂಬಲ್ಲಿ ಇರುವುದು ಕ್ರಿಯಾಪದ. ಹಾಳು ಮಾಡುವವರು ಯಾರು, ಯಾವಾಗ, ಅದು ಹೇಳುವುದಿಲ್ಲ. ಶಾಲೆಯ ವ್ಯಾಕರಣ ಅಪ್ಪಣೆಯನ್ನೂ ಹಾರೈಕೆಯನ್ನೂ ವಿಧ್ಯರ್ಥ ಎಂಬ ಒಂದೇ ತಲೆಬರಹದಡಿ ಇಡುತ್ತದೆ. ಶಾಪ ಹಾರೈಕೆಯ ಸಾಲಿನದು, ‘ನೂರು ಕಾಲ ಬಾಳಲಿ’ ಎಂಬುದರ ಪಕ್ಕದ್ದು. ಶಪಿಸುವವಳ ಕೈಯಲ್ಲಿ ಏನೂ ಇಲ್ಲ. ಇದ್ದಿದ್ದರೆ ಅವಳು ‘ಆಗಲಿ’ ಎನ್ನುತ್ತಿರಲಿಲ್ಲ, ಮಾಡಿಬಿಡುತ್ತಿದ್ದಳು.

ಮೊದಲು ಬೈಗುಳವನ್ನೇ ನೋಡೋಣ. ಮುಂಡೆ, ಬೋಳಿ, ರಂಡೆ: ಮೂರರ ಅರ್ಥವೂ ಗಂಡ ಸತ್ತವಳು. ಮೊದಲೆರಡರಲ್ಲಿ ಬೋಳಿಸಿದ ತಲೆಯೇ ಇದೆ. ಗಂಡಸನ್ನು ಬೈಯಬೇಕಾದರೆ ಇವಕ್ಕೆ ‘ಮಗ’ ಸೇರಿಸಿದರಾಯಿತು. ತಪ್ಪು ಅವನದು, ಬೈಸಿಕೊಳ್ಳುವವಳು ಅಲ್ಲಿ ಇಲ್ಲದ ಅವನ ತಾಯಿ. 1899ರ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಿಂದ 1976ರ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ದವರೆಗೆ ಕನ್ನಡ ಕಾದಂಬರಿ ವಿಧವೆಯ ಪಾಡನ್ನು ಮತ್ತೆ ಮತ್ತೆ ಬರೆಯಿತು. ತಲೆ ಬೋಳಿಸುವ ಪದ್ಧತಿ ಹಿಂದೆ ಸರಿಯಿತು. ಪದ ಸರಿಯಲಿಲ್ಲ. ಅಂಥ ತಲೆಯನ್ನು ಸಿನಿಮಾದಲ್ಲೂ ನೋಡಿರದ ಹುಡುಗ ಬೆಂಗಳೂರಿನ ಸಿಗ್ನಲ್ಲಿನಲ್ಲಿ ಅಡ್ಡ ಬಂದವನಿಗೆ ‘ಬೋಳಿಮಗನೆ’ ಎನ್ನುತ್ತಾನೆ. (ಹಳೇ ಮೈಸೂರಿನ ಕಡೆ ‘ಪಾಪ, ಮುಂಡೇದು’ ಎಂದು ಮರುಗುವುದೂ ಉಂಟು. ಆ ಕನಿಕರದೊಳಗೂ ಅದೇ ಬೋಳುತಲೆ.)

ರೂಢಿ ಹೋದಮೇಲೂ ಅದರ ಬೈಗುಳ ಉಳಿಯುವುದು ಬೇರೆ ಕಡೆಯೂ ಇದೆ. ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಆಡುವವರ ಖಾರವಾದ ಬೈಗುಳಗಳೆಲ್ಲ ಚರ್ಚಿನ ಸಾಮಾನುಗಳು. ‘ತಾಬರ್ನಾಕ್’ ಎಂದರೆ ಪ್ರಸಾದದ ರೊಟ್ಟಿ ಇಡುವ ಪೆಟ್ಟಿಗೆ, ‘ಕಾಲಿಸ್’ ಎಂದರೆ ದ್ರಾಕ್ಷಾರಸದ ಬಟ್ಟಲು. 1960ರ ದಶಕದಿಂದ ಅಲ್ಲಿ ಚರ್ಚಿನ ಹಿಡಿತ ಸಡಿಲವಾಯಿತು. ಪೆಟ್ಟಿಗೆ, ಬಟ್ಟಲು ನಾಲಿಗೆಯ ಮೇಲೆ ಉಳಿದವು. ಡಚ್ಚರು ರೋಗಗಳ ಹೆಸರಿನಲ್ಲಿ ಬೈಯುತ್ತಾರೆ: ಟೈಫಸ್, ಕ್ಷಯ, ಕ್ಯಾನ್ಸರ್. ಇಂಥ ಹೋಲಿಕೆಗಳು ರುಚಿಯಾಗಿರುತ್ತವೆ, ನಿಜ. ಆದರೆ ಆ ರುಚಿಯಲ್ಲಿ ಒಂದನ್ನು ಮರೆಯಬಾರದು. ಬಟ್ಟಲಿಗೆ ನೋವಾಗುವುದಿಲ್ಲ. ‘ಮುಂಡೆ’ ಎಂಬ ಮಾತು ಬಿದ್ದ ಕಡೆ ವಿಧವೆಯೊಬ್ಬಳು ಕೂತು ಕೇಳುತ್ತಿರಬಹುದು. ಜಾತಿ ಹಿಡಿದು ಬೈಯುವುದಂತೂ ಹೆಚ್ಚಿನ ಸಲ ಮೇಲಿನಿಂದ ಕೆಳಕ್ಕೇ ಬೀಳುತ್ತದೆ. ದಲಿತರ ಮೇಲಿನ ದೌರ್ಜನ್ಯ ತಡೆಯುವ ಕಾಯ್ದೆ ಬಂದದ್ದು 1989ರಲ್ಲಿ. ಜನರೆದುರು ಜಾತಿ ಹೆಸರೆತ್ತಿ ಬೈಯುವುದು ಅದರಲ್ಲಿ ಬೇರೆಯೇ ಒಂದು ಅಪರಾಧವಾಗಿ ಸೇರಿದ್ದು 2015ರ ತಿದ್ದುಪಡಿಯಿಂದ.

ಶಾಪ ಏರುವ ಮಾತು. ಪಂಚಾಯ್ತಿಕಟ್ಟೆಯಲ್ಲಿ ಬಾಯಿ ತೆರೆಯಲಾಗದವಳು ಬೀದಿಯಲ್ಲಿ ನಿಂತು ಲಟಿಗೆ ಮುರಿಯುತ್ತಾಳೆ. ಹಾಗಾದರೆ ಅರಸರು ಯಾಕೆ ಶಪಿಸಿದರು? ಬಹುಕಾಲ ಕನ್ನಡದ ಮೊದಲ ಶಾಸನವೆಂದೇ ನಾವು ಓದಿಕೊಂಡು ಬಂದ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450ರದ್ದು, ದತ್ತಿಯನ್ನು ಕೆಡಿಸಿದವನಿಗೆ ಮಹಾಪಾತಕ ತಟ್ಟುತ್ತದೆ ಎನ್ನುತ್ತದೆ. ಮುಂದಿನ ಶಾಸನಗಳಲ್ಲಿ ಇದು ಬೆಳೆಯುತ್ತ ಹೋಗಿ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಬರುತ್ತದೆ, ಅಮೇಧ್ಯದಲ್ಲಿ 60,000 ವರ್ಷ ಹುಳುವಾಗಿ ಬಿದ್ದಿರುವ ಶಿಕ್ಷೆ ಬರುತ್ತದೆ. ದಂಡು, ದಂಡನೆ ಎರಡೂ ಇದ್ದ ಅರಸನಿಗೆ ಇದರ ಅಗತ್ಯವೇನು? ಶಾಪ ಕೆಲಸ ಮಾಡಬೇಕಾದ ಕಾಲದಲ್ಲಿ ಅವನೇ ಇರುವುದಿಲ್ಲ. ಮುಂದೆ ಬರುವ ಅರಸನೆದುರು ಸತ್ತ ಅರಸನೂ ಬೀದಿಯ ಮುದುಕಿಯಷ್ಟೇ ಬರಿಗೈಯವನು. ಅವಳ ವ್ಯಾಕರಣವೇ ಅವನಿಗೂ ಗತಿ.

ಆದರೂ ಗಂಡಸರ ಶಾಪದೊಳಗೆ ಬೈಗುಳ ನುಸುಳದೆ ಬಿಡುವುದಿಲ್ಲ. ಮಹಾರಾಷ್ಟ್ರದ ಕೊಂಕಣದಲ್ಲಿ ಶಿಲಾಹಾರರ ಕಾಲದ ‘ಗಧೇಗಾಳ್’ ಕಲ್ಲುಗಳಿವೆ. ದತ್ತಿ ಮೀರಿದವನಿಗೆ ಅಲ್ಲಿರುವ ಎಚ್ಚರಿಕೆ ಕತ್ತೆ ಮತ್ತು ಹೆಂಗಸಿನ ಶಿಲ್ಪ. ಆ ಹೆಂಗಸು ಅವನ ತಾಯಿ. ಭೂಮಿ ಕಬಳಿಸುವವನು ಮಗ, ಕಲ್ಲಿನಲ್ಲಿ ಕೆತ್ತಿಸಿಕೊಂಡವಳು ಅವಳು.

ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ನನಗೆ ಮುಖ್ಯವಾಗುವುದು ಇಲ್ಲಿ. ಬೈಗುಳವಾಗಿ ಬಳಕೆಯಾಗುತ್ತಿದ್ದ ಎರಡು ಜಾತಿಗಳ ಹೆಸರನ್ನು ಪುಸ್ತಕದ ಮುಖಪುಟದ ಮೇಲೇ ಇಟ್ಟ ಸಂಕಲನ ಅದು. ಅದರ ಅತಿ ಪ್ರಸಿದ್ಧ ಕವಿತೆಯಲ್ಲಿ ಬೈಗುಳ ಮೊದಲ ಸಲ ದಿಕ್ಕು ಬದಲಿಸಿ ಮೇಲಕ್ಕೆ ಹೋದಂತೆ ಕೇಳುತ್ತದೆ. ಆ ಕವಿತೆಯ ಸಿಟ್ಟಿನ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ಅದರ ಕ್ರಿಯಾಪದಗಳನ್ನು ಯಾಕೆ ನೋಡಬಾರದು? ಅಲ್ಲಿ ‘ಆಗಲಿ’ ಎಂಬ ಹಾರೈಕೆಯಿಲ್ಲ, ಇರುವುದು ಅಪ್ಪಣೆ. ಅದುವರೆಗೆ ಒಡೆಯ ಆಳಿಗೆ ಕೊಡುತ್ತಿದ್ದ ಅಪ್ಪಣೆಯ ರೂಪ ಆಳುಗಳ ಬಾಯಿಗೆ ಬಂದಿದೆ. ನಮ್ಮ ಸಾಹಿತ್ಯದಲ್ಲಿ ಇದು ಸಣ್ಣ ಪಲ್ಲಟವಲ್ಲ.

ಹಾಗೆಂದು ಅಲ್ಲಿಗೇ ನಿಲ್ಲಿಸಲಾರೆ. ಆ ಕವಿತೆ ಎತ್ತಿಕೊಂಡ ಬೈಗುಳ ‘ನನ್ಮಗ’ ಎಂಬ ಬಗೆಯದು. ನೋಡಲು ಸಾಧು, ಇನ್ನೊಂದು ಭಾಷೆಗೆ ಪದಕ್ಕೆ ಪದ ಹಾಕಿದರೆ ಪ್ರೀತಿಯ ಮಾತಿನಂತೆಯೂ ಕೇಳಬಹುದು. ‘ನಿನ್ನ ಅಪ್ಪ ನಾನು’ ಎನ್ನುವಲ್ಲಿ ಅದರ ವಿಷವಿದೆ. ಮೇಲಕ್ಕೆ ಹೊರಟ ಈ ಮಾತೂ ಒಡೆಯನನ್ನು ಮುಟ್ಟುವ ಮೊದಲು ಅವನ ತಾಯಿಯನ್ನು ಹಾದೇ ಹೋಗುತ್ತದೆ.