‘ಘಟಶ್ರಾದ್ಧ’ ಚಿತ್ರದಲ್ಲಿ ಕರುಣರಸ

ಕಾವ್ಯಕ್ಕೆ ಕವಿಸಮಯಗಳಿರುವಂತೆ ಚಲಚ್ಚಿತ್ರಕ್ಕೂ ಕೆಲವು ಸಮಯಗಳುಂಟು. ಚಕೋರವು ಬೆಳದಿಂಗಳನ್ನು ಕುಡಿಯುವುದೆಂದಾಗ ರಸಿಕನು ಸಾಕ್ಷ್ಯವನ್ನು ಕೇಳುವುದಿಲ್ಲ. ಪೌರಾಣಿಕ ಚಿತ್ರದಲ್ಲಿ ಬರಿಯ ಬಯಲಿನಲ್ಲಿ ದೇವರು ಮೂಡಿಬಂದಾಗ ಪ್ರೇಕ್ಷಕನೂ ಕೇಳುವುದಿಲ್ಲ. ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರಲ್ಲಿ ತೆರೆಗೆ ಬಂದ ‘ಸತಿ ಸುಲೋಚನಾ’ ರಾಮಾಯಣದ ಪ್ರಸಂಗವೊಂದನ್ನೇ ಆರಿಸಿಕೊಂಡಿತು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಕಣ್ಣನ್ನು ಕಿತ್ತು ಅರ್ಪಿಸಿದ ಭಕ್ತನಿಗೆ ಶಿವನು ಒಲಿಯುವನು. ಇಂತಹ ಚಿತ್ರಗಳಲ್ಲಿ ಒಂದು ಬಿಂಬವು ಕರಗಿ ಮತ್ತೊಂದು ಮೂಡುವುದು, ದೇವತಾಮೂರ್ತಿಯು ಪ್ರೇಕ್ಷಕನಿಗೆ ನೇರವಾಗಿ ಅಭಿಮುಖವಾಗಿ ನಿಲ್ಲುವುದು ಮೊದಲಾದ ಯಂತ್ರಕೌಶಲಗಳೆಲ್ಲವೂ ಕೊನೆಗೆ ದೊರೆಯುವ ಅನುಗ್ರಹದ ಕಡೆಗೇ ಕಥೆಯನ್ನು ನಡೆಸುವುವು.

ಕರುಣಕ್ಕೂ ವಿಪ್ರಲಂಭಕ್ಕೂ ಇರುವ ಭೇದವನ್ನು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಸೂಕ್ಷ್ಮವಾಗಿ ತೋರಿಸಿರುವನು. ವಿಪ್ರಲಂಭವು ಸಾಪೇಕ್ಷ, ಎಂದರೆ ಪುನಃ ಸೇರುವೆವೆಂಬ ಆಸೆ ಅದರಲ್ಲಿ ಉಳಿದಿರುವುದು. ಕರುಣವು ನಿರಪೇಕ್ಷ, ಅಲ್ಲಿ ಆಸೆಗೆ ಎಡೆಯಿಲ್ಲ. ಪೌರಾಣಿಕ ಚಿತ್ರದಲ್ಲಿ ನೋಡುವವನು ಎಷ್ಟೇ ಕಣ್ಣೀರಿಟ್ಟರೂ ಆ ಕಣ್ಣೀರು ಬಹುಮಟ್ಟಿಗೆ ಸಾಪೇಕ್ಷವಾದುದೇ. ದೇವರು ಬರುವನೆಂಬುದನ್ನು ಅವನು ಬಲ್ಲನು. ಕನ್ನಡ ಚಿತ್ರದಲ್ಲಿ ನಿರಪೇಕ್ಷವಾದ ಕರುಣಕ್ಕೆ ಉದಾಹರಣೆಯನ್ನು ಹುಡುಕುವವರು 1977ರ ‘ಘಟಶ್ರಾದ್ಧ’ವನ್ನು ನೋಡಬೇಕು.

ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಈ ಚಿತ್ರಕ್ಕೆ ಎಸ್. ರಾಮಚಂದ್ರ ಅವರ ಛಾಯಾಗ್ರಹಣವೂ ಬಿ. ವಿ. ಕಾರಂತರ ಸಂಗೀತವೂ ಒದಗಿವೆ. ಆ ವರ್ಷದ ಶ್ರೇಷ್ಠ ಚಿತ್ರವೆಂದು ಇದಕ್ಕೆ ರಾಷ್ಟ್ರದ ಸ್ವರ್ಣಕಮಲವು ಸಂದಿತು. ಉಡುಪರ ವೇದಪಾಠಶಾಲೆಗೆ ನಾಣಿಯೆಂಬ ಬಾಲಕನು ಬರುವನು. ಉಡುಪರ ಮಗಳಾದ ಯಮುನೆ ಬಾಲವಿಧವೆ. ಮನೆಬಿಟ್ಟು ಬಂದ ಹುಡುಗನಿಗೆ ಅವಳೇ ತಾಯಿಯಾಗುವಳು. ಅವಳು ಗರ್ಭಿಣಿಯೆಂಬುದು ಹೊರಬಿದ್ದಾಗ ಕಾರಣನಾದ ಪುರುಷನು ಅವಳ ಕೈಬಿಡುವನು. ಅಗ್ರಹಾರವೂ ಅವಳನ್ನು ದೂರವಿಡುವುದು. ಕೊನೆಗೆ ತಂದೆಯೇ ಬದುಕಿರುವ ಮಗಳಿಗೆ ಘಟಶ್ರಾದ್ಧವನ್ನು ಮಾಡುವನು.

ಇಷ್ಟನ್ನು ಯಾರ ಬಾಯಿಂದ ಹೇಳಿಸಬೇಕು? ಚಿತ್ರವು ಬಹುಮಟ್ಟಿಗೆ ಬಾಲಕನ ಪಕ್ಕದಲ್ಲಿಯೇ ನಿಲ್ಲುವುದು. ನಾಣಿಗೆ ಅರ್ಥವಾಗದುದನ್ನು ಪ್ರೇಕ್ಷಕನು ಅರ್ಥಮಾಡಿಕೊಳ್ಳುವನು. ಪ್ರೇಕ್ಷಕನಿಗೆ ಹೇಳಲು ಬಾಯಿ ಬಾರದುದನ್ನು ನಾಣಿಯ ಮುಖವು ಹೇಳುವುದು. ಇದು ವಾಚ್ಯವಲ್ಲ, ವ್ಯಂಗ್ಯ. ಕಪ್ಪುಬಿಳುಪಿನ ಬಿಂಬಗಳಲ್ಲಿ ಮಲೆನಾಡಿನ ಹಸುರು ಕಾಣದು. ನೆರಳೂ ಮೌನವೂ ಮಾತ್ರ ಉಳಿಯುವುವು. ಯಮುನೆಯು ಸಾಯಲೆಂದು ಹುತ್ತದೊಳಗೆ ಕೈಯಿಡುವ ಸನ್ನಿವೇಶವನ್ನು ಗಮನಿಸಬೇಕು. ಪೌರಾಣಿಕ ಚಿತ್ರದಲ್ಲಾಗಿದ್ದರೆ ಸರ್ಪವು ಹೆಡೆಯೆತ್ತಿ ಅವಳ ಶುದ್ಧಿಯನ್ನು ಸಾರುತ್ತಿದ್ದಿತು. ಇಲ್ಲಿ ಸರ್ಪವು ಕಚ್ಚುವುದೂ ಇಲ್ಲ, ಕಾಯುವುದೂ ಇಲ್ಲ. ಹಳೆಯ ಸಮಯವನ್ನು ಬಲ್ಲ ಪ್ರೇಕ್ಷಕನಿಗೆ ಆ ಶೂನ್ಯತೆಯೇ ಎದೆಗೆ ತಾಗುವುದು.

ಈ ಚಿತ್ರವು ಪಾಠಶಾಲೆಯನ್ನೂ ಶ್ರೌತಸ್ಮಾರ್ತ ಸಂಪ್ರದಾಯವನ್ನೂ ನಿಂದಿಸುವುದೆಂದು ಆಕ್ಷೇಪಿಸುವವರುಂಟು. ಆಕ್ಷೇಪವು ಹಗುರಾದುದಲ್ಲ, ಗುರುಗೃಹದಲ್ಲಿ ಅನ್ನವನ್ನೂ ವಿದ್ಯೆಯನ್ನೂ ಪಡೆದವರಿಗೆ ನೋವಾಗುವುದು ಸಹಜ. ಆದರೆ ನಿಂದೆ ಬೇರೆ, ಸಾಕ್ಷ್ಯ ಬೇರೆ. ಶ್ರಾದ್ಧವೆಂಬುದು ಶ್ರದ್ಧೆಯಿಂದ ಮಾಡತಕ್ಕ ಕರ್ಮ. ಅಗಲಿದವರೊಡನೆ ಉಳಿದವರ ಸಂಬಂಧವನ್ನು ಅದು ಕಾಪಾಡುವುದು. ಅದನ್ನೇ ಬದುಕಿರುವವಳ ಸಂಬಂಧವನ್ನು ಕಡಿಯಲು ಬಳಸಿದಾಗ ಆ ಶಬ್ದಕ್ಕೇ ಅಪಚಾರವಾಗುವುದಿಲ್ಲವೆ? ಚಿತ್ರವು ಈ ಪ್ರಶ್ನೆಯನ್ನು ಉಪನ್ಯಾಸವಾಗಿ ಕೇಳದೆ, ಕರ್ಮವನ್ನೇ ಕಣ್ಣಮುಂದೆ ಇಟ್ಟಿದೆ. ಸಂಪ್ರದಾಯವನ್ನು ಪ್ರೀತಿಸುವವರೇ ಇದಕ್ಕೆ ಮೊದಲು ಉತ್ತರ ಹೇಳಬೇಕಾದವರು.

ದೋಷವೇ ಇಲ್ಲವೆಂದಲ್ಲ. ಅಗ್ರಹಾರದ ಹಿರಿಯರು ಬಹುಮಟ್ಟಿಗೆ ಒಂದೇ ಮುಖದವರಾಗಿ ತೋರುವರು. ಅವರಲ್ಲಿ ಒಬ್ಬನಾದರೂ ಅಳುಕಿದ್ದರೆ ಅನ್ಯಾಯವು ಇನ್ನೂ ನಿಜವಾಗಿ ಕಾಣುತ್ತಿದ್ದಿತು. ಮಗಳನ್ನು ತೊರೆದ ಉಡುಪರು ಎಳೆಯ ಹುಡುಗಿಯನ್ನು ಮದುವೆಯಾಗಲು ಹೊರಡುವ ಸಂಗತಿಯು ವಸ್ತುವಿಗೆ ಉಚಿತವಾದುದೇ. ಆದರೆ ಅದಕ್ಕೆ ಮುನ್ನ ತಂದೆಯ ಶೋಕಕ್ಕೆ ಇನ್ನೊಂದು ಕ್ಷಣ ದೊರೆತಿದ್ದರೆ ಔಚಿತ್ಯವು ಪೂರ್ಣವಾಗುತ್ತಿದ್ದಿತು.

ಈ ಚಿತ್ರವು 2024ರಲ್ಲಿ ಜೀರ್ಣೋದ್ಧಾರಗೊಂಡು ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ಪ್ರದರ್ಶಿತವಾಯಿತು. ಭಾಷೆಯರಿಯದವರನ್ನೂ ಅದು ಮುಟ್ಟಬಲ್ಲುದಾದರೆ ಕಾರಣವು ದೂರದಲ್ಲಿಲ್ಲ. ಕಡೆಯಲ್ಲಿ ತಂದೆಯೊಡನೆ ಊರುಬಿಡುವ ನಾಣಿಯು ತಲೆಬೋಳಿಸಿದ ಯಮುನೆಯನ್ನು ಕಾಣುವನು. ಊರಿನ ಲೆಕ್ಕದಲ್ಲಿ ಅವಳು ಸತ್ತವಳು; ಬಾಲಕನ ಕಣ್ಣಿಗೆ ಬದುಕಿರುವವಳು. ದೇವರು ಬಾರದ ಆ ಬಯಲಿನಲ್ಲಿ ಅವಳನ್ನು ಮನುಷ್ಯಳೆಂದು ಕಾಣುವ ಎರಡು ಕಣ್ಣುಗಳು ಮಾತ್ರ ಉಳಿಯುವುವು.