ದಡ್ಡರಿಗೊಬ್ಬ ಹೇಡನ್

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಮೇಜಿನ ಮೇಲೆ ಹಳದಿ-ಕಪ್ಪು ರಟ್ಟಿನ 'ಫಾರ್ ಡಮ್ಮೀಸ್' ಪುಸ್ತಕ ಒಂದಲ್ಲ ಒಂದು ಇದ್ದೇ ಇರುತ್ತಿತ್ತು. 1991ರಲ್ಲಿ 'ಡಾಸ್ ಫಾರ್ ಡಮ್ಮೀಸ್' ಅಂತ ಶುರುವಾದ ಸರಣಿ. ಬೇಕಾದ ಪುಟ ತೆಗೆ, ಕೆಲಸ ಮುಗಿಸು, ಮುಚ್ಚು. ಬಿಇ ಆದ ಮೇಲೆ ನನ್ನ ಓದು ಅಂದರೆ ಇಷ್ಟೇ. ಊರಲ್ಲಿ ಕಡಲೆಕಾಯಿ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಕೊನೆಯ ಸಾಲಿನವರೆಗೆ ಓದುತ್ತಿದ್ದ ಹುಡುಗ, ನೋಡಿ!

ಅದೇ ಸರಣಿಯ 'ಕ್ಲಾಸಿಕಲ್ ಮ್ಯೂಸಿಕ್ ಫಾರ್ ಡಮ್ಮೀಸ್' ಸಿಕ್ಕಿತು. ಬರೆದವರಲ್ಲಿ ಸ್ಕಾಟ್ ಸ್ಪೆಕ್ ಆರ್ಕೆಸ್ಟ್ರಾ ನಡೆಸುವವರು. ಡೇವಿಡ್ ಪೋಗ್ ಮ್ಯಾಕ್ ಕಂಪ್ಯೂಟರಿಗೂ ಡಮ್ಮೀಸ್ ಬರೆದವರು. ನಮ್ಮ ಕಡೆಯವರೇ ಒಬ್ಬರಿದ್ದಾರಲ್ಲ ಅಂತ ಧೈರ್ಯ ಬಂತು.

ನಗಿಸುತ್ತದೆ, ಎರಡು ಮಾತಿಲ್ಲ. ವಾದ್ಯಗಳ ಪರಿಚಯವನ್ನಂತೂ ಈಗಲೂ ತೆಗೆದು ನೋಡುತ್ತೇನೆ. ಆದರೆ ಬಹಳಷ್ಟು ತಮಾಷೆ ಕಛೇರಿಗೆ ಬರುವವರ ಬಿಗುಮಾನದ ಮೇಲೆ. ಆ ಬಿಗುಮಾನ ಕಂಡವರಿಗೆ ಅದೊಂದು ಬಿಡುಗಡೆ ಇರಬಹುದು. ನಾನೋ, ಹರಿಕಥೆಗೆ ಚಾಪೆ ಹಿಡಿದು ಹೋಗಿ, ನಿದ್ದೆ ಬಂದರೆ ಅಲ್ಲೇ ಮಲಗಿ, ಮತ್ತೆ ಎದ್ದು ಕೇಳಿದವನು. ಸಂಗೀತಕ್ಕೆ ಹೆದರಬೇಕು ಅಂತಲೇ ಗೊತ್ತಿರಲಿಲ್ಲ. ಹೆದರಬೇಡ ಅಂತ ಪುಸ್ತಕ ಹೇಳಿದ ಮೇಲೇ ಹೆದರಿಕೆ ಶುರುವಾಗಿದ್ದು.

ಇಂಥ ಪುಸ್ತಕಗಳ ಮೇಲೆ ನನ್ನ ದೊಡ್ಡ ತಕರಾರು ಹೇಡನ್ ವಿಷಯದಲ್ಲಿ. ಅವನ 94ನೇ ಸಿಂಫನಿಯ ಎರಡನೇ ಭಾಗದಲ್ಲಿ ಒಂದು ಮಟ್ಟು ಮೆಲ್ಲಗೆ ಬರುತ್ತದೆ, ಅದೇ ಇನ್ನೂ ಮೆಲ್ಲಗೆ, ಆಮೇಲೆ ಇಡೀ ಆರ್ಕೆಸ್ಟ್ರಾ ಢಮ್! 'ಸರ್‌ಪ್ರೈಸ್' ಅಂತಲೇ ಅದಕ್ಕೆ ಹೆಸರು. ಜೋಕು ಸಂಗೀತದೊಳಗೇ ಇದೆ. ಮೊದಲೇ ಒದರಿಬಿಟ್ಟರೆ ಉಳಿಯೋದೇನು? ಢಮ್ ಯಾವಾಗ ಬರುತ್ತೆ ಅಂತ ಕಾದು ಕೂತೆ, ಬಂತು, ಹೆಡ್‌ಫೋನ್ ತೆಗೆದಿಟ್ಟೆ. ಬೇಕಾದ ಪುಟ ಸಿಕ್ಕಿತ್ತಲ್ಲ! ಅದೇ ಮಟ್ಟು ಮುಂದೆ ನಾಲ್ಕು ಸಲ ವೇಷ ಬದಲಿಸುತ್ತೆ, ಒಂದು ಸಲ ಮೈನರ್‌ಗೆ ತಿರುಗಿ ಸಿಡುಕುತ್ತೆ ಅನ್ನೋದು ಎಷ್ಟೋ ವರ್ಷ ನನಗೆ ಗೊತ್ತೇ ಇರಲಿಲ್ಲ.

ಗೊತ್ತಾಗಿದ್ದು ಊರಲ್ಲಿ, ಕರೆಂಟು ಹೋದ ಒಂದು ರಾತ್ರಿ, ಫೋನಲ್ಲಿದ್ದದ್ದನ್ನು ಸ್ಪೀಕರಿನಲ್ಲಿ ಹಾಕಿದಾಗ. ಅವ್ವ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಢಮ್ ಅಂದಾಗ ಮೊರ ಮಗುಚಿತು.

"ಮಗೀನ್ ಮಲಗಿಸ್ದಂಗೆ ಮಾಡಿ ಬೆಚ್ಚಿ ಬೀಳಿಸ್ತಾನಲ್ಲೋ, ಯಾರೋ ಅವ್ನು?"

ಹೇಳಲು ಬಾಯಿ ತೆರೆದೆ. "ಸುಮ್ನಿರು, ಮುಂದೆ ಏನ್ ಮಾಡ್ತಾನೆ ಕೇಳಾಣ" ಅಂದಳು.