ಕ್ಲಬ್ಬಿನ ಒಡೆಯನೂ ಕುರುಕುಲದ ಒಡೆಯನೂ

ಧಾರಾವಾಹಿಯೆಂಬುದು ವಾರಕ್ಕೊಂದು ಕಂತಿನಂತೆ, ನಡುವೆ ಆರು ದಿನಗಳ ಚಿಂತನೆಗೆ ಎಡೆಯಿಟ್ಟು ನೋಡತಕ್ಕದ್ದೇ ಹೊರತು ಒಂದೇ ರಾತ್ರಿಯಲ್ಲಿ ನುಂಗಿ ಮುಗಿಸತಕ್ಕದ್ದಲ್ಲವೆಂಬ ನನ್ನ ಮತವನ್ನು ಈ ಅಂಕಣದ ಓದುಗರು ಚೆನ್ನಾಗಿ ಬಲ್ಲರು. ಆ ಮತಕ್ಕೆ ‘ಪವರ್’ಗಿಂತ ಬಲವಾದ ಸಾಕ್ಷ್ಯವನ್ನು ನಾನು ಕಂಡಿಲ್ಲವಾದುದರಿಂದ ಈ ವಾರ ಅದನ್ನೇ ಕೈಗೆತ್ತಿಕೊಂಡಿದ್ದೇನೆ. 2014ರ ಜೂನ್ ತಿಂಗಳಲ್ಲಿ ಅಮೆರಿಕದ ಸ್ಟಾರ್ಜ್ ವಾಹಿನಿಯಲ್ಲಿ ಮೊದಲಾಗಿ, ಆರು ಸೀಸನ್ನುಗಳಲ್ಲಿ 63 ಕಂತುಗಳನ್ನು ಪೂರೈಸಿ, 2020ರ ಫೆಬ್ರವರಿಯಲ್ಲಿ ಮುಗಿದ ಈ ಕಥೆಯ ನಾಯಕ, ನೈಟ್‌ಕ್ಲಬ್ಬಿನ ಒಡೆಯನೂ ಮಾದಕವಸ್ತುವಿನ ವ್ಯಾಪಾರಿಯೂ ಆದ ಜೇಮ್ಸ್ ಸೇಂಟ್ ಪ್ಯಾಟ್ರಿಕ್, ಅರ್ಥಾತ್ ‘ಘೋಸ್ಟ್’, ಕಡೆಯ ಸೀಸನ್ನಿನ ಹತ್ತನೆಯ ಕಂತಿನಲ್ಲಿ ತನ್ನದೇ ಕ್ಲಬ್ಬಿನೊಳಗೆ ಗುಂಡೇಟು ತಿಂದು ಉಪ್ಪರಿಗೆಯಿಂದ ಕೆಳಕ್ಕುರುಳಿದ ಮೇಲೆ, ಹೊಡೆದವರು ಯಾರೆಂಬುದನ್ನು ಹೇಳದೆ ವಾಹಿನಿಯವರು ಎರಡು ತಿಂಗಳು ಸುಮ್ಮನಿದ್ದರು. ಆ ಮೌನದಲ್ಲಿ ಪ್ರೇಕ್ಷಕನು ಹಿಂದಿನ ಆರು ವರ್ಷಗಳನ್ನೆಲ್ಲ ಮನಸ್ಸಿನಲ್ಲಿ ತಿರುವಿಹಾಕಿ, ಯಾರಿಗೆ ಯಾವ ಅನ್ಯಾಯವಾಗಿತ್ತೆಂದು ತಾನೇ ತೂಗಿನೋಡಬೇಕಾಯಿತು. ಒಂದೇ ಬೈಠಕ್ಕಿನಲ್ಲಿ ಎಲ್ಲವನ್ನೂ ನೋಡುವವನಿಗೆ ಈ ವಿಚಾರಣೆಯ ಸುಖವೇ ಇಲ್ಲ.

ಆದರೆ ಈ ವಾದವನ್ನು ಮುಂದುವರಿಸುವ ಮುನ್ನ ಇನ್ನೊಂದು ಪಂಥದವರಿಗೆ ಉತ್ತರ ಹೇಳುವುದು ಬಾಕಿಯಿದೆ. ‘ದ ಸೊಪ್ರಾನೋಸ್’, ‘ದ ವೈರ್’ಗಳನ್ನು ಪ್ರಮಾಣಗ್ರಂಥಗಳಾಗಿ ಇಟ್ಟುಕೊಂಡು, ಮಂದವಾದ ಬೆಳಕು ಮತ್ತು ಮಂದವಾದ ನಡಿಗೆ ಇಲ್ಲದ ಅಪರಾಧಕಥೆಯೆಲ್ಲ ಅಗ್ಗದ ಭಾವೋದ್ರೇಕವೆನ್ನುವ ವಿಮರ್ಶಕರು, ಬಾಲ್ಟಿಮೋರಿನ ಕಾಲೇಜಿನಲ್ಲಿ ಕುಳಿತು ಅರ್ಥಶಾಸ್ತ್ರ ಕಲಿಯುವ ‘ದ ವೈರ್’ನ ಸ್ಟ್ರಿಂಗರ್ ಬೆಲ್ಲನೆದುರು ನಮ್ಮ ಘೋಸ್ಟನನ್ನು ನಿಲ್ಲಿಸಿ, ಇವನು ಬರಿಯ ಸೂಟು ತೊಟ್ಟ ಛಾಯೆಯೆಂದು ತೀರ್ಪು ಕೊಡುತ್ತಾರೆ. ಆ ಎರಡು ಕೃತಿಗಳ ಹಿರಿಮೆಯನ್ನು ನಾನು ಒಪ್ಪುತ್ತೇನೆ. ಈ ತೀರ್ಪನ್ನು ಒಪ್ಪಲಾರೆ. ‘ದ ಗುಡ್ ವೈಫ್’ ಧಾರಾವಾಹಿಗೆ ಬರೆದು ಪಳಗಿದ, ‘ಪವರ್’ನ ಕರ್ತೃ ಕೋರ್ಟ್ನಿ ಕೆಂಪ್ ಅವರು ಇಲ್ಲಿ ಹಣದ ನಡೆಯನ್ನು ಎಷ್ಟು ಸೂಕ್ಷ್ಮವಾಗಿ ಬಲ್ಲರೆಂಬುದನ್ನು ಆ ವಿಮರ್ಶಕರು ಗಮನಿಸಿಲ್ಲ. 1970ರ ಕಾಯಿದೆಯಿಂದೀಚೆಗೆ ಅಮೆರಿಕದಲ್ಲಿ ಹತ್ತು ಸಾವಿರ ಡಾಲರಿಗೆ ಮೀರಿದ ನಗದನ್ನು ಜಮೆ ಮಾಡಿದರೆ ಬ್ಯಾಂಕು ಸರಕಾರಕ್ಕೆ ವರದಿ ಮಾಡಲೇಬೇಕು. ಹೀಗಾಗಿ ಬೀದಿಯಲ್ಲಿ ಮಾದಕವಸ್ತು ಮಾರಿ ಬಂದ ನೋಟುಗಳಿಗೆ ನಗದಿನಿಂದಲೇ ನಡೆಯುವ ಒಂದು ವ್ಯಾಪಾರದ ಮರೆ ಬೇಕು. ಒಂದು ರಾತ್ರಿಯಲ್ಲಿ ಎಷ್ಟು ಜನ ಒಳಬಂದರು, ಎಷ್ಟು ಲೋಟ ಮದ್ಯ ಖರ್ಚಾಯಿತು ಎಂಬುದನ್ನು ಹೊರಗಿನವರು ನಿಷ್ಕರ್ಷೆಯಾಗಿ ಹೇಳಲಾರದ ನೈಟ್‌ಕ್ಲಬ್ಬಿಗಿಂತ ತಕ್ಕ ಮರೆ ಯಾವುದಿದೆ? ಗಲ್ಲಾಪೆಟ್ಟಿಗೆಗೆ ಬಿದ್ದು, ತೆರಿಗೆ ಕಟ್ಟಿಸಿಕೊಂಡು ಹೊರಬಂದ ಹಣ ಶುಭ್ರವಾಗಿಯೇ ಕಾಣುತ್ತದೆ. ‘ಟ್ರುತ್’ ಎಂಬ ಕ್ಲಬ್ಬು ಕಥೆಯಲ್ಲಿ ಹುಟ್ಟಿದ್ದು ಇದಕ್ಕಾಗಿ. ಆದರೆ ಒಡೆಯನು ಆ ಮರೆಯನ್ನೇ ಪ್ರೀತಿಸತೊಡಗುತ್ತಾನೆ, ಅದನ್ನೇ ತನ್ನ ನಿಜವಾದ ಬಾಳೆಂದು ನಂಬುತ್ತಾನೆ. ಆಗ ಸೈಮನ್ ಸ್ಟರ್ನ್ ಎಂಬ ಪ್ರತಿಷ್ಠಿತ ಉದ್ಯಮಿ, ಪಿಸ್ತೂಲು ಮುಟ್ಟದೆ, ಕಾಗದಪತ್ರಗಳ ಬಲದಿಂದಲೇ ಆ ಕ್ಲಬ್ಬನ್ನು ಕೈವಶಮಾಡಿಕೊಂಡು, ಮಾಲೀಕನಾಗಿದ್ದವನನ್ನು ತನ್ನ ಕೈಕೆಳಗೆ ದುಡಿಯುವವನನ್ನಾಗಿ ಮಾಡುತ್ತಾನೆ. ಬೀದಿಯ ಹಗೆಗಳನ್ನೆಲ್ಲ ಜಯಿಸಿ ಬಂದವನು ಸಭ್ಯಲೋಕದ ಒಂದು ಸಹಿಗೆ ಸೋತು ನಿಂತಾಗ ಆ ಪಾತ್ರಧಾರಿ ಓಮರಿ ಹಾರ್ಡ್ವಿಕ್ ಅವರ ಮುಖದಲ್ಲಿ ಸುಳಿಯುವ ಅವಮಾನವನ್ನು ಕಂಡ ಮೇಲೂ ಇದನ್ನು ಅಗ್ಗವೆನ್ನುವವರೊಡನೆ ನನಗೆ ಚರ್ಚೆಯಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಮನಸ್ಸು ರನ್ನನ ಗದಾಯುದ್ಧದ ಕಡೆಗೆ ಹರಿದಿದೆ. ವಾರದ ಕಂತಿನ ವಾದಕ್ಕಿಂತ ಅದು ಹೆಚ್ಚು ಸಾರವತ್ತಾದುದರಿಂದ ಅದನ್ನೇ ಹಿಂಬಾಲಿಸುತ್ತೇನೆ. ವಿರಾಮದ ನಂತರ ಬಂದ ಕಂತುಗಳಲ್ಲಿ, ಕಡೆಯದೊಂದನ್ನು ಬಿಟ್ಟರೆ, ಕಥೆ ಮುಂದಕ್ಕೆ ಹೋಗುವುದಿಲ್ಲ. ಆ ಒಂದೇ ರಾತ್ರಿಗೆ ಮತ್ತೆ ಮತ್ತೆ ಮರಳಿ, ಒಬ್ಬೊಬ್ಬ ಶಂಕಿತನ ಕಣ್ಣಿನಿಂದ ಅದನ್ನು ನೋಡುತ್ತ, ಸತ್ತವನ ಬದುಕನ್ನೆಲ್ಲ ಹಿಂದಿನಿಂದ ಬೆಳಗಿಸುತ್ತದೆ. ಹತ್ತನೆಯ ಶತಮಾನದ ಕೊನೆಯಲ್ಲಿ ನಮ್ಮ ಕವಿ ಭಾರತಯುದ್ಧದ ಕಡೆಯ ದಿನವೊಂದನ್ನೇ ಹಿಡಿದು, ಸಮಗ್ರ ಭಾರತವನ್ನು ಸಿಂಹಾವಲೋಕನಕ್ರಮದಿಂದ ಅದರೊಳಕ್ಕೆ ಕರೆತಂದ ವಿಧಾನಕ್ಕೆ ಇದು ಎಷ್ಟು ಸಮೀಪ! ಕಾವ್ಯಕ್ಕೆ ವಿಧಿಪೂರ್ವಕವಾಗಿ ನಾಯಕನಾದವನು ಭೀಮ. ಓದುಗನ ಹೃದಯವನ್ನು ಗೆಲ್ಲುವವನು ಸಂಜಯನ ಜೊತೆಯಲ್ಲಿ, ಶರಶಯ್ಯೆಯ ಭೀಷ್ಮನನ್ನು ಕಾಣಲೆಂದು ಹೆಣಗಳ ನಡುವೆ ದಾರಿ ಮಾಡಿಕೊಂಡು ಹೊರಟ ದುರ್ಯೋಧನ. ಬಿದ್ದಿರುವ ದ್ರೋಣನನ್ನು ಕಾಣುತ್ತಾನೆ. ಶತ್ರುಪಕ್ಷದ ಅಭಿಮನ್ಯುವನ್ನು ಕಂಡು, ಹಗೆತನವನ್ನು ಮರೆತು, ಅವನ ಶೌರ್ಯಕ್ಕೆ ಮಣಿಯುತ್ತಾನೆ. ಮಗ ಲಕ್ಷಣಕುಮಾರನ ಬಳಿ, ತಮ್ಮ ದುಶ್ಶಾಸನನ ಬಳಿ ನಿಂತು ಶೋಕಿಸುತ್ತಾನೆ. ಕರ್ಣನನ್ನು ಕಂಡೊಡನೆ ಅವನ ದುಃಖಕ್ಕೆ ಕಟ್ಟೆಯೇ ಇಲ್ಲದಾಗುತ್ತದೆ. ತನಗಾಗಿ ಮಡಿದವರೆದುರು ಒಬ್ಬೊಬ್ಬರಾಗಿ ನಿಂತು, ಅವರಿಗೆ ತಾನೆಷ್ಟು ಋಣಿಯೆಂಬುದನ್ನು ಅರಿತುಕೊಂಡ ಮೇಲೆಯೇ ಅವನು ವೈಶಂಪಾಯನ ಸರೋವರಕ್ಕೆ ಇಳಿಯುವುದು.

ಘೋಸ್ಟನ ಹಿಂದೆಯೂ ಅಂಥದೇ ಒಂದು ರಣಭೂಮಿ ಹರಡಿಕೊಂಡಿದೆ: ಮಗಳು ರೈನಾ ಹತಳಾದಳು; ಜೀವದ ಗೆಳೆಯ ಟಾಮಿ ಇವನಿಗೇ ಗುರಿಯಿಟ್ಟ ಗುಂಡಿಗೆ ಪ್ರೇಯಸಿ ಆ್ಯಂಜೆಲಾ ಅಡ್ಡಬಂದು ಬಿದ್ದಳು. ರನ್ನನ ಲೋಕದಲ್ಲಿ ಗೆಳೆಯನು ಗೆಳೆಯನಿಗಾಗಿ ಸಾಯುತ್ತಾನೆ, ಮಗನು ತಂದೆಗಾಗಿ ಸಾಯುತ್ತಾನೆ; ನ್ಯೂಯಾರ್ಕಿನ ಈ ಲೋಕದಲ್ಲಿ ಗೆಳೆಯನೇ ಗುರಿಯಿಡುತ್ತಾನೆ, ಕೊನೆಗೆ ಗುಂಡು ಹಾರಿಸುವವನು ಮಗ ತಾರೀಕ್. ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಪದವಿಗೆ ಅಭ್ಯರ್ಥಿಯಾಗುವಷ್ಟು ಮೇಲೇರಿದವನು, ಆ ಏರಿಕೆಗೆ ಬಲಿಯಾದವರನ್ನು ದುರ್ಯೋಧನನಂತೆ ನಡೆದುಕೊಂಡು ಹೋಗಿ ನೋಡಲೇ ಇಲ್ಲ. ನೋಡುವ ಕೆಲಸವನ್ನು ಅವನು ಸತ್ತ ಮೇಲೆ ಪ್ರೇಕ್ಷಕರಾದ ನಾವು ಮಾಡಬೇಕಾಯಿತು. ಆದುದರಿಂದಲೇ ಇವನು ದುರ್ಯೋಧನನ ಎತ್ತರಕ್ಕೆ ಏರಲಾರನೆಂಬುದು ನನ್ನ ಅಭಿಪ್ರಾಯ.

ಆದರೂ ಕಡೆಯ ಕಂತಿನಲ್ಲಿ ಬರುವ ಮರಣಶಾಸನವೊಂದಕ್ಕಾಗಿ ನಾನು ಕೆಂಪ್ ಅವರಿಗೆ ಕೃತಜ್ಞನಾಗಿದ್ದೇನೆ. ಕಾಲೇಜಿನ ಪದವಿ ಮುಗಿಸಿದರೆ ಮಾತ್ರ ಮಗನಿಗೆ ತನ್ನ ಹಣ ಸೇರತಕ್ಕದ್ದೆಂದು ತಂದೆ ಬರೆದಿಟ್ಟಿದ್ದಾನೆ. ಮಗನ ಕೃತ್ಯವನ್ನು ಮುಚ್ಚಹೋದ ತಾಯಿ ಟಾಷಾ ಸೆರೆಯಾಗುತ್ತಾಳೆ. ಆ ಷರತ್ತಿಗೆ ಕಟ್ಟುಬಿದ್ದ ತಾರೀಕನ ವಿದ್ಯಾರ್ಥಿಜೀವನವೇ 2020ರ ಸೆಪ್ಟೆಂಬರಿನಲ್ಲಿ ಮೊದಲಾದ ‘ಪವರ್ ಬುಕ್ 2: ಘೋಸ್ಟ್’ನ ವಸ್ತು; ಅದರ ವಿಚಾರವನ್ನು ಮುಂದಿನ ವಾರಕ್ಕೆ ಇರಿಸಿಕೊಂಡಿದ್ದೇನೆ.